ಬಾಲ ನೋಡದೆ ಮಾತಾಡಬೇಡ

ಗೋಪಿ ಸಾಕಿರುವ ಕಾರ್ನ್ ಸ್ನೇಕ್ ಅನ್ನುವ ವಿಷವಿಲ್ಲದ ಹಾವಿನ ಮರಿಗೆ ಇನ್ನೂ ಹೆಸರಿಲ್ಲ. ಗಂಡೋ ಹೆಣ್ಣೋ ಗೊತ್ತಾಗದೆ ಹೆಸರಿಡಲ್ಲ ಅಂತ ಅವನ ಹಟ. ಗೊತ್ತಿಲ್ಲದ ವಿಷಯ ಅಂದಮೇಲೆ ನಮ್ಮ ಗುಂಪಿನಲ್ಲಿ ಅಭಿಪ್ರಾಯಕ್ಕೆ ಬರವೇ?

“ಹೆಣ್ಣೇ ಕಣೋ. ಮುಖ ನೋಡು, ಎಷ್ಟು ನಾಜೂಕಾಗಿದೆ,” ಎಂದ ರಾಜು.

“ಹಾವಿನ ಮುಖದಲ್ಲಿ ನಾಜೂಕು ಹುಡುಕ್ತೀಯಲ್ಲೋ! ಅದಕ್ಕೆ ಮಿಟುಕಿಸೋಕೆ ರೆಪ್ಪೆಯೇ ಇಲ್ಲ,” ಎಂದಳು ಸುಮಾ. ನಮ್ಮಲ್ಲಿ ಹಾವು ಸಾಕಿ ಪಳಗಿದವಳು ಅವಳೊಬ್ಬಳೇ.

“ಅದೇ ಹೇಳಿದ್ದು. ನಾನು ಮಾತಾಡುವಾಗ ಕಣ್ಣು ಮಿಟುಕಿಸದೆ ಕೇಳುತ್ತೆ.”

“ಪಾಪ, ಎದ್ದು ಹೋಗೋಕೆ ಕಾಲೂ ಇಲ್ಲ.”

ರಾಜು ಬಿಡುವ ಪೈಕಿ ಅಲ್ಲ. ತನ್ನ ಊಹೆ ಇವತ್ತಿನವರೆಗೆ ಸುಳ್ಳಾಗಿಲ್ಲ ಎಂದ. ಸುಳ್ಳು ಅಂತ ಹೇಳೋಕೆ ಯಾವ ಹಾವೂ ಬಾಯಿ ಬಿಟ್ಟಿಲ್ಲ, ಅಷ್ಟೇ. ಎರಡರಲ್ಲಿ ಒಂದು ಹೇಳುವ ಆಟದಲ್ಲಿ ಕಣ್ಣು ಮುಚ್ಚಿ ಹೇಳಿದರೂ ಅರ್ಧ ಸಲ ಗೆಲ್ಲಬಹುದು. ಜ್ಯೋತಿಷ್ಯಕ್ಕೂ ಇಷ್ಟು ಅನುಕೂಲ ಇಲ್ಲ.

“ಮುಖ ನೋಡಿ ಹೇಳಬಹುದಾದ ಹಾವು ಇಲ್ಲವೇ ಇಲ್ಲ ಅಂತಲ್ಲ,” ಎಂದು ಸುಮಾ ಸ್ವಲ್ಪ ಸಡಿಲ ಬಿಟ್ಟಳು. “ಮಡಗಾಸ್ಕರ್‌ನಲ್ಲಿ ಲಂಗಾಹಾ ಅಂತ ಒಂದಿದೆ. ಗಂಡಿಗೆ ಮೂತಿ ಮೇಲೆ ಚೂಪಾದ ಕೊಂಬಿನಂಥ ಮೂಗು. ಹೆಣ್ಣಿಗೆ ಅಂಚು ಹರಿದ ಎಲೆ ಆಕಾರದ್ದು. ದೂರದಿಂದಲೇ ಗೊತ್ತಾಗುತ್ತೆ.”

“ನೋಡಿದ್ಯಾ!” ಎಂದ ರಾಜು, ಲಂಗಾಹಾವನ್ನು ತಾನೇ ಕಂಡುಹಿಡಿದವನ ಹಾಗೆ.

“ಇದು ಕಾರ್ನ್ ಸ್ನೇಕ್. ಇದರ ವಿಚಾರ ಎಲ್ಲಾ ಬಾಲದಲ್ಲಿದೆ. ಎಲ್ಲಿ, ಇದರ ಬಾಲ ಎಲ್ಲಿಂದ ಶುರು ಹೇಳು?”

“ತಲೆ ಮುಗಿದ ಕೂಡಲೇ.”

ಸುಮಾ ಮರಿಯನ್ನು ಅಂಗೈಯಲ್ಲಿ ಹರಿಯಲು ಬಿಟ್ಟು, ಹಿಂಭಾಗವನ್ನು ಬೆರಳಿನ ಮೇಲೆ ಮೆಲ್ಲಗೆ ಮಗುಚಿ ತೋರಿಸಿದಳು. ಹೊಟ್ಟೆಯ ಕೆಳಗೆ ಅಗಲವಾದ ಹುರುಪೆಗಳು ಒಂದರ ಹಿಂದೆ ಒಂದು ಅಡ್ಡಡ್ಡ ಸಾಗುತ್ತವೆ. ಒಂದು ಕಡೆ ಸಣ್ಣ ಅಡ್ಡ ಸೀಳು ಬರುತ್ತದೆ. ಹೊಟ್ಟೆ ಅಲ್ಲಿಗೆ ಮುಗಿಯಿತು. ಆಮೇಲಿನ ಹುರುಪೆಗಳು ಎರಡೆರಡಾಗಿ ಒಡೆದು, ನಡುವೆ ಅಂಕುಡೊಂಕು ಗೆರೆ ಬಿಟ್ಟುಕೊಂಡು ತುದಿವರೆಗೂ ಹೋಗುತ್ತವೆ. ಅಷ್ಟೇ ಬಾಲ. ಉಳಿದದ್ದೆಲ್ಲ ಹಾವು.

“ಗಂಡಿನ ಅಂಗ ಈ ಬಾಲದ ಬುಡದಲ್ಲೇ ಇರೋದು. ಒಳಮುಖವಾಗಿ ಮಗುಚಿಕೊಂಡು ಕೂತಿರುತ್ತೆ. ಅದಕ್ಕೆ ಜಾಗ ಬೇಕಲ್ಲ? ಹಾಗಾಗಿ ಗಂಡಿನ ಬಾಲ ಉದ್ದ, ಸೀಳಿನ ಕೆಳಗೂ ಸ್ವಲ್ಪ ದೂರ ದಪ್ಪ. ಹೆಣ್ಣಿನದು ಸೀಳು ದಾಟಿದ ಕೂಡಲೇ ಸಣ್ಣಗಾಗುತ್ತೆ. ಒಂದು ವಿಷಯ ಮರೆತೆ. ಗಂಡಿಗೆ ಅವು ಎರಡು.”

ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ.

“ಎರಡೂ?” ಎಂದ ರಾಜು.

“ಬಲಕ್ಕೊಂದು, ಎಡಕ್ಕೊಂದು. ಒಂದು ಸಲಕ್ಕೆ ಒಂದೇ ಬಳಸೋದು.”

“ಇನ್ನೊಂದು ಯಾಕೆ?”

“ಸ್ಟೆಪ್ನಿ ಅಂದ್ಕೋ.”

ಗೋಪಿಗೆ ನಗು ಬರಲಿಲ್ಲ. ಅವನು ಮರಿಯ ಬಾಲವನ್ನೇ ನೋಡುತ್ತಿದ್ದ. ದಪ್ಪ ಅಂದರೆ ಎಷ್ಟು ದಪ್ಪ? ಪಕ್ಕದಲ್ಲಿ ಇನ್ನೊಂದು ಮರಿ ಇಟ್ಟು ಹೋಲಿಸಿದರೆ ಏನಾದರೂ ಹೇಳಬಹುದು. ಒಂದೇ ಒಂದು ಮರಿ ಇಟ್ಟುಕೊಂಡು ‘ಉದ್ದ’, ‘ಗಿಡ್ಡ’ ಅನ್ನುವುದು ಯಾರ ಮುಂದೆ? ದೊಡ್ಡ ಹಾವಿನಲ್ಲಿ ಎದ್ದು ಕಾಣುವ ವ್ಯತ್ಯಾಸ ಮರಿಯಲ್ಲಿ ಕೂದಲೆಳೆಯಷ್ಟು. ಫೋಟೋ ತೋರಿಸಿ ಕೇಳುವವರನ್ನು ಕಂಡರೆ ನನಗೆ ಅಯ್ಯೋ ಅನಿಸುತ್ತದೆ. ಅವರು ಕಳಿಸುವ ಫೋಟೋದಲ್ಲಿ ಯಾವಾಗಲೂ ತಲೆಯೇ ಇರುತ್ತದೆ.

“ಒತ್ತಿ ನೋಡ್ತಾರಂತಲ್ಲ?” ಎಂದು ಕೇಳಿದೆ.

“ಹೌದು. ಮೊಟ್ಟೆಯಿಂದ ಬಂದ ಹೊಸದರಲ್ಲಿ ಹಾಗೆ ಮಾಡ್ತಾರೆ. ಹೆಬ್ಬೆರಳಿಂದ ಬಾಲದ ಬುಡವನ್ನು ಹಗುರವಾಗಿ ಸೀಳಿನ ಕಡೆ ಒತ್ತಿದರೆ ಗಂಡಾಗಿದ್ದರೆ ಎರಡೂ ಹೊರಗೆ ಇಣುಕುತ್ತವೆ. ಬಂದರೆ ಗಂಡು, ಅನುಮಾನವೇ ಇಲ್ಲ. ಬರಲಿಲ್ಲ ಅಂದರೆ ಹೆಣ್ಣಾಗಿರಬಹುದು, ಒತ್ತಿದವರಿಗೆ ಬಾರದಿರಬಹುದು, ಗಂಡು ಬಿಗಿ ಹಿಡಿದಿರಬಹುದು. ಬೆಳೆದ ಮೇಲಂತೂ ಅಲ್ಲಿನ ಸ್ನಾಯು ಗಟ್ಟಿ, ಒತ್ತಲೇಬಾರದು. ದೊಡ್ಡವಕ್ಕೆ ತುದಿ ಮೊಂಡಾದ ಸಣ್ಣ ಉಕ್ಕಿನ ಕಡ್ಡಿಗೆ ಜಾರುವ ಜೆಲ್ ಸವರಿ ಸೀಳಿನಿಂದ ಬಾಲದ ಕಡೆ ಇಳಿಸಿ ನೋಡ್ತಾರೆ. ಹೆಣ್ಣಲ್ಲಿ ಕೆಲವೇ ಹುರುಪೆಯಷ್ಟು ಒಳಗೆ ಹೋಗಿ ನಿಲ್ಲುತ್ತೆ. ಗಂಡಲ್ಲಿ ಜಾಸ್ತಿ ಆಳ ಹೋಗುತ್ತೆ. ಕೈ ತಪ್ಪಿದರೆ ಒಳಗೇ ಹರಿಯುತ್ತೆ. ಪಶುವೈದ್ಯರ ಕೆಲಸ ಅದು, ನಿಮ್ಮದಲ್ಲ.”

ಇಷ್ಟು ಹೇಳುವಷ್ಟರಲ್ಲಿ ರಾಜು ಸುಮ್ನೆ ಒಂದು ಬೆರಳು ಚಾಚಿ ಬಾಲ ಮುಟ್ಟಿಬಿಟ್ಟಿದ್ದ. ಮರಿ ಗಾಬರಿಯಾಗಿ ಬಾಲದ ಬುಡದಿಂದ ಒಂದು ತೊಟ್ಟು ರಸ ಬಿಟ್ಟಿತು. ಆ ಗಬ್ಬು ವಾಸನೆಗೆ ಎಲ್ಲರೂ ಕಿಟಕಿ ಕಡೆ ಸರಿದೆವು.

“ಇದು ಗಂಡಿನ ಲಕ್ಷಣವಾ?” ಎಂದ ರಾಜು, ಬೆರಳನ್ನು ದೂರ ಹಿಡಿದು.

“ಎರಡಕ್ಕೂ ಆ ಗ್ರಂಥಿ ಇದೆ. ಅದು ನಿನ್ನ ಬಗ್ಗೆ ಅದರ ಅಭಿಪ್ರಾಯ.”

ಕೈ ತೊಳೆದು ಬಂದವನು ಹೊಸ ಸಿದ್ಧಾಂತ ತಂದ. ಮೊಟ್ಟೆಗೆ ಶಾಖ ಜಾಸ್ತಿ ಕೊಟ್ಟರೆ ಒಂದು, ಕಡಿಮೆ ಕೊಟ್ಟರೆ ಇನ್ನೊಂದು ಹುಟ್ಟುತ್ತದಂತೆ. ಅದು ಮೊಸಳೆ ಮತ್ತು ಎಷ್ಟೋ ಆಮೆಗಳ ಕಥೆ. ಹಾವಿನದು ಕ್ರೋಮೋಸೋಮಿನಲ್ಲೇ ತೀರ್ಮಾನ. ಅದರಲ್ಲೂ ಒಂದು ತಮಾಷೆ ಇದೆ. ಹಾವುಗಳೆಲ್ಲ ಹಕ್ಕಿಗಳ ಹಾಗೆ, ಹೆಣ್ಣಿನಲ್ಲಿ ಲಿಂಗ ತೀರ್ಮಾನಿಸುವ ಎರಡು ಕ್ರೋಮೋಸೋಮು ಬೇರೆಬೇರೆ, ಗಂಡಿನದು ಒಂದೇ ಥರ ಅಂತ ಬಹಳ ಕಾಲ ನಂಬಿದ್ದರು. ಕಾರ್ನ್ ಸ್ನೇಕ್ ಕುಲಕ್ಕೆ ಅದು ಸರಿ. 2017ರಲ್ಲಿ ನೋಡಿದರೆ ಬೋವಾ ಮತ್ತು ಹೆಬ್ಬಾವುಗಳಲ್ಲಿ ಅದು ಉಲ್ಟಾ, ನಮ್ಮ ಹಾಗೆ ಎಕ್ಸ್-ವೈ. ಬಾಲ್ ಪೈಥಾನ್ ಅನ್ನುವ ಸಣ್ಣ ಹೆಬ್ಬಾವು ಸಾಕುವವರಿಗೆ ಇದರ ವಾಸನೆ ಮೊದಲೇ ಬಡಿದಿತ್ತು. ಅವರಲ್ಲಿ ‘ಬನಾನ’ ಅನ್ನುವ ಹಳದಿ ಬಣ್ಣದ ತಳಿ ಇದೆ. ಆ ಬಣ್ಣ ಲಿಂಗದ ಕ್ರೋಮೋಸೋಮಿನ ಜೊತೆಗೇ ಸಾಗುತ್ತದೆ. ಗಂಡು ಬನಾನ ತನ್ನ ಬಣ್ಣವನ್ನು ಅಪ್ಪನಿಂದ ಪಡೆದಿದ್ದರೆ ಅದರ ಹಳದಿ ಮರಿಗಳು ಬಹುಪಾಲು ಗಂಡು. ಅಮ್ಮನಿಂದ ಪಡೆದಿದ್ದರೆ ಬಹುಪಾಲು ಹೆಣ್ಣು. ಬಣ್ಣ ನೋಡಿ ಊಹಿಸುವ ಹಕ್ಕು ಯಾರಿಗಾದರೂ ಇದ್ದರೆ ಅವರಿಗೆ.

“ನಾವು ಬಿಡು, ಹಾವುಗಳಿಗಾದರೂ ಗೊತ್ತಾಗುತ್ತಾ?” ಎಂದ ಗೋಪಿ.

ಸುಮಾ ತಲೆ ಅಲ್ಲಾಡಿಸಿದಳು. “ಯಾವಾಗಲೂ ಇಲ್ಲ. ಕೆನಡಾದ ಮ್ಯಾನಿಟೋಬಾದಲ್ಲಿ ಗಾರ್ಟರ್ ಹಾವುಗಳು ಚಳಿಗಾಲ ಕಳೆದು ಬಿಲದಿಂದ ಸಾವಿರಗಟ್ಟಲೆ ಹೊರಗೆ ಬರುತ್ತವೆ. ಆಗ ತಾನೇ ಎದ್ದ ಕೆಲವು ಗಂಡುಗಳ ಮೈಯಿಂದ ಹೆಣ್ಣಿನ ವಾಸನೆ ಬರುತ್ತೆ. ಉಳಿದ ಗಂಡುಗಳು ಮೋಸಹೋಗಿ ಮುತ್ತಿಕೊಳ್ಳುತ್ತವೆ. ಮೈ ತಣ್ಣಗಿದ್ದವನಿಗೆ ಪುಕ್ಕಟೆ ಶಾಖ, ಕಾಗೆ ಕಣ್ಣಿನಿಂದಲೂ ಮರೆ.”

ಎಂದೂ ತಪ್ಪದ ಊಹೆ ಬೇಕಿದ್ದರೆ ಹೂಕುಂಡದ ಮಣ್ಣಿನಲ್ಲಿ ಎರೆಹುಳುವಿನ ಹಾಗೆ ಹರಿದಾಡುವ ಕುರುಡು ಹಾವು ಸಾಕಬೇಕು. ಆ ಜಾತಿಯಲ್ಲಿ ಇರುವುದೆಲ್ಲ ಹೆಣ್ಣೇ. ಗಂಡಿನ ಹಂಗಿಲ್ಲದೆ ಮೊಟ್ಟೆ ಇಡುತ್ತವೆ. ರಾಜುವಿಗೆ ಹೇಳಿ ಮಾಡಿಸಿದ ಹಾವು.

“ಅಷ್ಟೆಲ್ಲ ಯಾಕೆ? ಯಾವುದಾದರೇನು, ತಿಂದುಕೊಂಡು ಬಿದ್ದಿರುತ್ತೆ,” ಎಂದೆ.

ಸುಮಾ ಒಪ್ಪಲಿಲ್ಲ. ಹೆಣ್ಣಾದರೆ ಗಂಡಿನ ಜೊತೆ ಬಿಡದಿದ್ದರೂ ಬರಡು ಮೊಟ್ಟೆ ಇಡಬಹುದು. ಮೊಟ್ಟೆ ಒಳಗೇ ಸಿಕ್ಕಿಕೊಂಡರೆ ಜೀವಕ್ಕೆ ಅಪಾಯ. ಗಂಡಾದರೆ ಬೆದೆಯ ಕಾಲದಲ್ಲಿ ವಾರಗಟ್ಟಲೆ ಊಟ ಮುಟ್ಟದೆ ಇರಬಹುದು. ತಿಳಿದಿದ್ದರೆ ಆಗ ಸುಮ್ಮನೆ ಗಾಬರಿ ಬೀಳಬೇಕಿಲ್ಲ. ಹೋಗಲಿ, ಮರಿಗೆ ಈಗಲೇ ಏನೂ ಅವಸರ ಇಲ್ಲ, ಅದು ಪೊರೆ ಬಿಟ್ಟಾಗ ನೋಡೋಣ ಎಂದಳು. ಹಾವನ್ನು ಮುಟ್ಟದೆ, ಬಿಟ್ಟ ಪೊರೆಯಲ್ಲೇ ಬಾಲದ ಜೋಡಿ ಹುರುಪೆಗಳನ್ನು ಎಣಿಸಬಹುದು. ಸಾಮಾನ್ಯವಾಗಿ ಗಂಡಿಗೆ ಜಾಸ್ತಿ. ಆದರೆ ನಡುವಿನ ಲೆಕ್ಕ ಬಂದರೆ ಎರಡೂ ಆಗಬಹುದು. ಕೆಲವು ಜಾತಿಗಳಿಗೆ ಪೊರೆಯ ತುಂಡನ್ನೇ ಲ್ಯಾಬಿಗೆ ಕಳಿಸಿ ಡಿಎನ್‌ಎ ನೋಡಿಸುವ ದಾರಿಯೂ ಇದೆ.

ಪೊರೆ ಆಮೇಲೆ ಬಂತು. ಗೋಪಿ ಅದನ್ನು ನೀರಲ್ಲಿ ನೆನೆಸಿ, ಬಿಳಿ ಹಾಳೆಯ ಮೇಲೆ ಹರಡಿ, ಕೈಯಲ್ಲಿ ಭೂತಗನ್ನಡಿ ಹಿಡಿದು ಕೂತ. ಸೀಳಿನ ಪಕ್ಕದ ಹುರುಪೆಯನ್ನು ಲೆಕ್ಕಕ್ಕೆ ಹಿಡಿಯಬೇಕೋ ಬೇಡವೋ ಅಂತ ಮೊದಲ ಜಗಳ. ಜೋಡಿಗೆ ಒಂದೋ ಎರಡೋ ಅಂತ ಎರಡನೆಯದು. ಗೋಪಿಯ ಲೆಕ್ಕ ಗಂಡು ಎಂದಿತು, ರಾಜುವಿನ ಲೆಕ್ಕ ಹೆಣ್ಣು ಎಂದಿತು. ಸುಮಾ ಭೂತಗನ್ನಡಿ ಕಸಿದುಕೊಂಡು ಒಂದು ನಿಮಿಷ ನೋಡಿದಳು.

“ಬಾಲದ ತುದಿಯೇ ಇಲ್ಲವಲ್ಲೋ ಇದರಲ್ಲಿ! ಹರಿದು ಹಾವಿನ ಮೇಲೇ ಉಳಿದಿರಬೇಕು. ಹೋಗಿ ನೋಡು ಮೊದಲು. ಅಂಟಿಕೊಂಡಿದ್ದರೆ ರಕ್ತ ಓಡದೆ ತುದಿ ಕೊಳೆಯುತ್ತೆ. ಎಳೆಯಬೇಡ, ಒದ್ದೆ ಬಟ್ಟೆಯಲ್ಲಿ ಸ್ವಲ್ಪ ಹೊತ್ತು ಬಿಡು.”

ಗೋಪಿ ಪೆಟ್ಟಿಗೆ ಕಡೆ ಓಡಿದ. ರಾಜು ಪೊರೆಯನ್ನು ಇನ್ನೊಮ್ಮೆ ಹತ್ತಿರ ಎಳೆದುಕೊಂಡ.

“ತುದಿ ಇಲ್ಲದೆ ಇಷ್ಟು ಬಂದಿದೆ ಅಂದ್ರೆ, ತುದಿ ಸೇರಿದರೆ ಗಂಡೇ ಅಲ್ವಾ? ನಾನು ಮೊದಲಿಂದ ಅದನ್ನೇ ತಾನೇ ಹೇಳ್ತಿರೋದು?”