ಸಹಾಯ ಬೇಕು: ಹಾಡಿದ್ದು ಚಿಫ್‌ಚಾಫ್ ಹಕ್ಕಿಯೇನಾ?

ಎಲ್ಲರಿಗೂ ನಮಸ್ಕಾರ. ವಲಸೆ ಹೋದ ಹಾಡುಹಕ್ಕಿಗಳು ಮರಳುವ ಹೊತ್ತಾಯಿತಲ್ಲ, ಎರಡು ವಾರದಿಂದ ಬೆಳಗಿನ ಜಾವವೇ ಎದ್ದು ಕಾಯುತ್ತಿದ್ದೇನೆ. ಇವತ್ತು ಎಲೆಯಿಲ್ಲದ ಮರದ ತುದಿಯಿಂದ ‘ಚಿಫ್-ಚಾಫ್, ಚಿಫ್-ಚಿಫ್-ಚಾಫ್’ ಅಂತ ಕೇಳಿಸಿತು. ಮೈ ಜುಮ್ಮೆಂದಿತು! ಚಿಫ್‌ಚಾಫ್ ಅನ್ನುವ ಈ ಪುಟ್ಟ ವಲಸೆ ಹಕ್ಕಿ ಇಲ್ಲಿ ಯುರೋಪಿಗೆ ಮಾರ್ಚ್‌ನಲ್ಲೇ ಬರುತ್ತದೆ, ಅದರಲ್ಲೂ ಗಂಡು ಮೊದಲು. ಆದರೆ ಚಳಿಗಾಲವಿಡೀ ಇಲ್ಲೇ ಇರುವ ಗ್ರೇಟ್ ಟಿಟ್ ಹಕ್ಕಿ ಕೂಡ ಎರಡೇ ಸ್ವರ ತಿರುಗಿಸಿ ತಿರುಗಿಸಿ ಹಾಡುತ್ತದೆ ಅಲ್ವಾ?

ಆಮೇಲೆ ಕೆಳಗಿನ ಪೊದೆಯಲ್ಲಿ ಒಂದು ಪುಟ್ಟ ಹಕ್ಕಿ ಕಂಡಿತು. ಹಸಿರು ಬೆರೆತ ಕಂದು ಮೈ, ಕಡ್ಡಿಯಂಥ ಕಪ್ಪು ಕಾಲು, ಬಾಲವನ್ನು ಕೆಳಕ್ಕೆ ಕುಣಿಸುತ್ತಲೇ ಇತ್ತು. ನೋಡಲು ಚಿಫ್‌ಚಾಫ್‌ನಂತೆಯೇ ಇರುವ ವಿಲೋ ವಾರ್ಬ್ಲರ್ ಹಕ್ಕಿ ಆಗಿದ್ದರೆ ಕಾಲು ತಿಳಿ ಬಣ್ಣ ಇರುತ್ತಿತ್ತು. ಹಾಡಿದ್ದು ಇದೇನಾ ಅಂತ ಮಾತ್ರ ಖಾತ್ರಿಯಿಲ್ಲ, ನೋಡುವಾಗ ಬಾಯೇ ಬಿಡಲಿಲ್ಲ.

ಬರೀ ದನಿ ಕೇಳಿ ಚಿಫ್‌ಚಾಫ್ ಮತ್ತು ಗ್ರೇಟ್ ಟಿಟ್ ಎರಡನ್ನು ಹೇಗೆ ಗುರುತಿಸುತ್ತೀರಿ? ವರ್ಷದ ಮೊದಲ ಹಕ್ಕಿ ಅಂತ ಸುಮ್ನೆ ಬರೆದಿಡಲು ಮನಸ್ಸಿಲ್ಲ. ಗೊತ್ತಿದ್ದವರು ದಯವಿಟ್ಟು ಹೇಳಿ.