ಸಿಪ್ಯಾಟ್ ಮೆಟ್ಟಿಲಲ್ಲೇ ಕಾಲು ಸೋಲುತ್ತಿದೆ, ಉಳಿದಿರುವುದು ಏಳು ವಾರ

ಕಡೂರಿನವಳು:

ನಮಸ್ಕಾರ. ಊರು ಕಡೂರಿನ ಹತ್ತಿರ, ಈಗ ಇರುವುದು ಅಮೆರಿಕದ ಸ್ಯಾಕ್ರಮೆಂಟೊದಲ್ಲಿ. ವಯಸ್ಸು 27, ತೂಕ 58 ಕೆಜಿ, ಎತ್ತರ 5 ಅಡಿ 4 ಇಂಚು. ಎರಡು ವರ್ಷದಿಂದ ಆಂಬುಲೆನ್ಸ್‌ನಲ್ಲಿ ಇಎಂಟಿ, ಅಂದರೆ ತುರ್ತು ಚಿಕಿತ್ಸೆ ಕೊಡುವವಳು, ಆಗಿದ್ದೇನೆ. ಈಗ ಫೈರ್ ಡಿಪಾರ್ಟ್‌ಮೆಂಟ್‌ಗೆ ಹೋಗುವ ಆಸೆ. ಅದಕ್ಕೆ ಸಿಪ್ಯಾಟ್ (CPAT) ಅನ್ನುವ ದೈಹಿಕ ಸಾಮರ್ಥ್ಯದ ಪರೀಕ್ಷೆ ಪಾಸಾಗಬೇಕು. ಎಂಟು ಕೆಲಸ, ಒಂದರ ಹಿಂದೆ ಒಂದು, 10 ನಿಮಿಷ 20 ಸೆಕೆಂಡಿನೊಳಗೆ.

ಹೋದ ಶನಿವಾರ ಓರಿಯೆಂಟೇಷನ್‌ಗೆ ಹೋಗಿದ್ದೆ. ಸಾಮಾನು ಮುಟ್ಟಿ ನೋಡಲು ಬಿಟ್ಟರು. 50 ಪೌಂಡ್ ವೆಸ್ಟ್ ಹಾಕಿದರು. ಮೊದಲ ಕೆಲಸವಾದ ಮೆಟ್ಟಿಲು ಮಷಿನ್‌ಗೆ ಮಾತ್ರ ಅದರ ಮೇಲೆ ಇನ್ನೂ 25 ಪೌಂಡ್, ಭುಜಕ್ಕೆ ಅರ್ಧರ್ಧ. ಒಟ್ಟು 34 ಕೆಜಿ. ನನ್ನ ತೂಕದ ಅರ್ಧಕ್ಕಿಂತ ಜಾಸ್ತಿ! ಮೂರು ನಿಮಿಷ ಹತ್ತಬೇಕಾದ ಕಡೆ ಒಂದು ನಿಮಿಷ 50 ಸೆಕೆಂಡಿಗೆ ಇಳಿದುಬಿಟ್ಟೆ. ತೊಡೆ ಉರಿಯುತ್ತಿತ್ತು, ಕಣ್ಣು ಕತ್ತಲೆ ಬಂದ ಹಾಗಾಯಿತು.

ನಾನು ವಾರಕ್ಕೆ ನಾಲ್ಕು ದಿನ 5 ಕಿಮೀ ಓಡುತ್ತೇನೆ. ದಮ್ಮಿಗೆ ಕೊರತೆ ಇಲ್ಲ ಅಂದುಕೊಂಡಿದ್ದೆ. ಪರೀಕ್ಷೆಗೆ ಇನ್ನು ಏಳು ವಾರ ಇದೆ. ಮಾಡಿದವರು ಯಾರಾದರೂ ಇದ್ದರೆ ಹೇಳಿ. ಅಮ್ಮನಿಗೆ ಇನ್ನೂ ವಿಷಯ ಹೇಳಿಲ್ಲ, ಪಾಸಾದ ಮೇಲೆ ಹೇಳೋಣ ಅಂತ.

ಬೇ ಏರಿಯಾ ಭಟ್ರು:

ನರ್ಸಿಂಗ್ ಓದಿದರೆ ಸಂಬಳವೂ ಜಾಸ್ತಿ, ಬೆನ್ನೂ ಉಳಿಯುತ್ತದೆ. ಸುಮ್ನೆ ಹೇಳಿದೆ, ಬೇಜಾರು ಮಾಡ್ಕೋಬೇಡಿ.

ಹಳೇ ಹಗ್ಗ:

ಭಟ್ರೇ, ಅವರು ಕೇಳಿದ್ದು ಅದಲ್ಲ.

ನಾನು ಹಾಸನದ ಕಡೆಯವನು. ಸಿಪ್ಯಾಟ್ ಎರಡು ಸಲ ಮಾಡಿದ್ದೇನೆ. ಅಂದರೆ ಮೊದಲನೇ ಸಲ ಫೇಲ್ ಆಗಿದ್ದೇನೆ. ಆಗ ನನಗೆ 33.

ಓಟ ಬಿಡಬೇಡಿ, ಆದರೆ ವಾರಕ್ಕೆ ಎರಡೇ ದಿನ ಸಾಕು. ಓಡುವವರ ಕಾಲಿಗೆ ಹೊರೆ ಹೊತ್ತು ಅಭ್ಯಾಸ ಇರುವುದಿಲ್ಲ. ನಿಮಗೆ ಆಗಿರುವುದು ಅಷ್ಟೇ. ಲೆಕ್ಕ ನೋಡಿ. ಮೊದಲ 20 ಸೆಕೆಂಡ್ ನಿಧಾನ, ಆಮೇಲೆ ನಿಮಿಷಕ್ಕೆ 60 ಮೆಟ್ಟಿಲಿನಂತೆ ಮೂರು ನಿಮಿಷ. 180 ಮೆಟ್ಟಿಲು. ಶ್ರವಣಬೆಳಗೊಳದ ಬೆಟ್ಟ ಹತ್ತಿದವರಿಗೆ ಇದು ಯಾವ ಲೆಕ್ಕ ಅನ್ನಿಸಬಹುದು. ಅಲ್ಲಿ ನಡುವೆ ನಿಂತು ನೀರು ಕುಡಿಯಬಹುದು. ಇಲ್ಲಿ ಮೆಟ್ಟಿಲೇ ಕೆಳಗೆ ಓಡುತ್ತಿರುತ್ತದೆ. ನಿಂತರೆ ನಿಮ್ಮನ್ನೂ ಇಳಿಸಿಬಿಡುತ್ತದೆ, ಇಳಿದರೆ ಪರೀಕ್ಷೆ ಅಲ್ಲಿಗೇ ಮುಗಿಯಿತು.

ಜಿಮ್‌ನಲ್ಲಿ ಸ್ಟೆಪ್‌ಮಿಲ್, ಅಂದರೆ ಇದೇ ಓಡುವ ಮೆಟ್ಟಿಲಿನ ಮಷಿನ್, ಹುಡುಕಿ. ಮೊದಲ ವಾರ ಹೊರೆ ಇಲ್ಲದೆ, ಅದೇ ವೇಗದಲ್ಲಿ, ಐದು ನಿಮಿಷ. ಆಮೇಲೆ ಇಂಡಿಯನ್ ಅಂಗಡಿಯಿಂದ 20 ಪೌಂಡಿನ ಸೋನಾ ಮಸೂರಿ ಚೀಲ ತಂದು ಗಟ್ಟಿ ಬ್ಯಾಗ್‌ನಲ್ಲಿ ಹಾಕಿಕೊಳ್ಳಿ. ನಾನು ಹಾಗೇ ಮಾಡಿದ್ದು. ವೆಸ್ಟ್ ಕೊಳ್ಳಲು ದುಡ್ಡಿರಲಿಲ್ಲ, ಅಕ್ಕಿ ಹೇಗೂ ಖರ್ಚಾಗುತ್ತದೆ. ಮೂರನೇ ವಾರಕ್ಕೆ ಎರಡು ಚೀಲ. ಐದನೇ ವಾರಕ್ಕೆ ಪೂರ್ತಿ 34 ಕೆಜಿ. ವಾರಕ್ಕೆ ಎರಡು ಸಲ ಸಾಕು, ದಿನಾ ಮಾಡಿದರೆ ಮೊಣಕಾಲು ಹೋಗುತ್ತದೆ. ನನ್ನ ಮೊದಲ ಟ್ರೈನರ್ ದಿನಾ ಮಾಡಿಸಿದ, ಹತ್ತು ದಿನ ಕುಂಟಿದೆ.

ಪಾದ ಪೂರ್ತಿ ಮೆಟ್ಟಿಲ ಮೇಲೆ ಇಡಿ, ತುದಿಗಾಲಲ್ಲಿ ಹತ್ತಿದರೆ ಮೀನಖಂಡ ಹಿಡಿದುಕೊಳ್ಳುತ್ತದೆ. ಕಂಬಿಯನ್ನು ಬ್ಯಾಲೆನ್ಸ್‌ಗೆ ಒಂದು ಕ್ಷಣ ಮುಟ್ಟಬಹುದು, ಅದರ ಮೇಲೆ ಭಾರ ಹಾಕುವಂತಿಲ್ಲ. ಜಿಮ್‌ನಲ್ಲಿ ಕಂಬಿ ಹಿಡಿದು ಹತ್ತಿದ್ದನ್ನು ಲೆಕ್ಕಕ್ಕೇ ತಗೋಬೇಡಿ.

ಆದರೆ ನಾನು ಸೋತಿದ್ದು ಮೆಟ್ಟಿಲಲ್ಲಿ ಅಲ್ಲ. ಕೊನೆಯ ಕೆಲಸದಲ್ಲಿ. ಪೈಕ್ ಪೋಲ್ ಅನ್ನುವ ಕೊಕ್ಕೆ ಕೋಲಿನಿಂದ ಚಾವಣಿ ಬಾಗಿಲನ್ನು ಮೂರು ಸಲ ಮೇಲಕ್ಕೆ ತಳ್ಳಬೇಕು, ಆಮೇಲೆ ಪಕ್ಕದ್ದನ್ನು ಐದು ಸಲ ಕೆಳಕ್ಕೆ ಎಳೆಯಬೇಕು. ಹೀಗೆ ನಾಲ್ಕು ಸುತ್ತು. ನಾಲ್ಕನೇ ಸುತ್ತಿನಲ್ಲಿ ಎರಡು ಎಳೆತ ಬಾಕಿ ಇತ್ತು, ಟೈಮ್ ಮುಗೀತು ಅಂದರು. ಆ ಎರಡು ಎಳೆತ ಇವತ್ತಿಗೂ ಕನಸಲ್ಲಿ ಬರುತ್ತದೆ. ಯಾಕೆ ಹೀಗಾಯಿತು ಅಂದರೆ, ಜಿಮ್‌ನಲ್ಲಿ ಒಂದೊಂದು ವ್ಯಾಯಾಮವನ್ನೂ ನೀರು ಕುಡಿದು, ಫೋನ್ ನೋಡಿ, ಆರಾಮಾಗಿ ಮಾಡುತ್ತಿದ್ದೆ. ದಣಿದ ಕೈಯಲ್ಲಿ ಕೆಲಸ ಮಾಡಿ ಗೊತ್ತೇ ಇರಲಿಲ್ಲ.

ಹಾಗಾಗಿ ಮೆಟ್ಟಿಲು ಇಳಿದ ತಕ್ಷಣ 20 ಸೆಕೆಂಡ್ ನಡೆಯಿರಿ, ತಕ್ಷಣ ಹಗ್ಗ ಎಳೆಯಿರಿ. ಪರೀಕ್ಷೆಯಲ್ಲೂ ಒಂದು ಕೆಲಸದಿಂದ ಇನ್ನೊಂದಕ್ಕೆ 85 ಅಡಿ ನಡೆಯಬೇಕು, ಸಿಗುವ ವಿರಾಮ ಅಷ್ಟೇ. ಅಲ್ಲಿ ಓಡುವಂತಿಲ್ಲ, ಓಡಲೂ ಬೇಡಿ. ಬೇಗ ಮುಗಿಸಿದರೆ ಜಾಸ್ತಿ ಮಾರ್ಕ್ ಕೊಡುವುದಿಲ್ಲ.

ಹೋಸ್ ಎಳೆಯುವಾಗ ಮಾತ್ರ ಓಡಬಹುದು. ಹೋಸ್ ಹೆಗಲಿಗೆ ಹಾಕಿ 75 ಅಡಿ, ಡ್ರಮ್ ಸುತ್ತಿ ತಿರುಗಿ ಇನ್ನು 25 ಅಡಿ. ಆಮೇಲೆ ಮಂಡಿಯೂರಿ ಕೂತು ಹೋಸನ್ನು ನಿಮ್ಮ ಕಡೆಗೆ ಸೇದಬೇಕು. ಸೇದುವುದು ಅಂತ ಬೇಕಂತಲೇ ಬರೆದೆ. ನಮ್ಮ ಮನೆ ಬಾವಿಗೆ ಮೋಟಾರ್ ಬರುವ ತನಕ ನೀರು ಸೇದಿದ್ದು ನಾನೇ. ಕೈ ಬದಲಿಸುವ ಆ ತಾಳ ಇಲ್ಲಿ ನೂರಕ್ಕೆ ನೂರು ಕೆಲಸಕ್ಕೆ ಬಂತು. ಹಗ್ಗ ಎಳೆದು ಏಣಿ ಏರಿಸುವ ಕೆಲಸಕ್ಕೂ ಅದೇ. ಮೇಲೆ ಏರಿಸಿದ್ದನ್ನು ಕೈ ಬದಲಿಸುತ್ತಾ ಇಳಿಸಬೇಕು. ಕೊಡ ಬಾವಿಗೆ ಬಿಟ್ಟ ಹಾಗೆ ಜರ್ ಅಂತ ಬಿಟ್ಟರೆ ಮನೆಗೆ ಹೋಗಬೇಕಾಗುತ್ತದೆ.

ಗರಗಸ ಎರಡನ್ನು ಹೊತ್ತು ಹೋಗಿ ಬರುವುದು ಸುಲಭ, ಅದಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ಬಾಗಿಲು ಒಡೆಯುವ ಕೆಲಸಕ್ಕೆ ಕೊಡುವ ಸುತ್ತಿಗೆ 10 ಪೌಂಡ್. ಸೊಂಟದಿಂದ ಬೀಸಿ, ಬಜರ್ ಬರುವ ತನಕ.

ಎರಡನೇ ಸಲ 9 ನಿಮಿಷ 48 ಸೆಕೆಂಡಿಗೆ ಮುಗಿಸಿದೆ.

ಎರಡು ಜಡೆ:

ನಾನು 5 ಅಡಿ 2 ಇಂಚು, 60 ಕೆಜಿ. ಪಾಸಾಗಿದ್ದು 10 ನಿಮಿಷ 2 ಸೆಕೆಂಡಿಗೆ. ಹಗ್ಗದವರು ಗೊಂಬೆ ವಿಷಯ ಬಿಟ್ಟಿದ್ದಾರೆ, ಅಂದರೆ ಮನುಷ್ಯನನ್ನು ಕಾಪಾಡಿ ಎಳೆದು ತರುವ ಹಾಗೆ ಆಳೆತ್ತರದ ಗೊಂಬೆ ಎಳೆಯುವುದು. ನಮ್ಮಂಥ ಮೈಕಟ್ಟಿನವರಿಗೆ ಅದೇ ದೊಡ್ಡ ತಲೆನೋವು.

ಗೊಂಬೆ 165 ಪೌಂಡ್, ಅಂದರೆ ಸುಮಾರು 75 ಕೆಜಿ. ಊರಿನ ಲೆಕ್ಕದಲ್ಲಿ ಒಂದು ಮೂಟೆ ಭತ್ತ. ಭುಜದ ಹತ್ತಿರ ಹಿಡಿ ಇರುತ್ತದೆ. ನೀವು ನೆಟ್ಟಗೆ ನಿಂತು ಎಳೆದರೆ ಅದು ಅಲುಗುವುದೇ ಇಲ್ಲ. ಕುಕ್ಕರಗಾಲಲ್ಲಿ ಕೂತ ಹಾಗೆ ತಗ್ಗಿ, ಹಿಂದಕ್ಕೆ ವಾಲಿ, ಚಿಕ್ಕ ಚಿಕ್ಕ ಹೆಜ್ಜೆ ಇಡಿ. ಒಮ್ಮೆ ಜಾರಲು ಶುರುವಾದರೆ ನಿಲ್ಲಿಸಬೇಡಿ, ಮತ್ತೆ ಹೊರಡಿಸುವುದೇ ಕಷ್ಟ. 35 ಅಡಿ ಹೋಗಿ ಡ್ರಮ್ ಸುತ್ತಿ ವಾಪಸ್ 35 ಅಡಿ. ಡ್ರಮ್ ಮುಟ್ಟಿ ಸುಧಾರಿಸಿಕೊಳ್ಳುವ ಹಾಗಿಲ್ಲ. ಗೊಂಬೆಯನ್ನು ಕೆಳಗೆ ಬಿಟ್ಟು ಹಿಡಿತ ಸರಿ ಮಾಡಿಕೊಳ್ಳಬಹುದು, ಅದು ತಪ್ಪಲ್ಲ. ನಾನು ಎರಡು ಸಲ ಬಿಟ್ಟೆ.

ಗೊಂಬೆಗೆ ಮುಂಚೆ ಸುರಂಗ ಬರುತ್ತದೆ. 64 ಅಡಿ ಕತ್ತಲಲ್ಲಿ ಅಂಬೆಗಾಲು. ಎಲ್ಲರೂ ಅಲ್ಲಿ ಗಾಬರಿಯಾಗಿ ನುಗ್ಗುತ್ತಾರೆ. ನನಗೆ ಅದೇ ಉಸಿರು ವಾಪಸ್ ಬಂದ ಜಾಗ. ಗೋಡೆಗೆ ಒಂದು ಕೈ ತಾಗಿಸಿಕೊಂಡು ನಿಧಾನ ಹೋದೆ.

ವೆಸ್ಟ್ ಪಟ್ಟಿ ಬಿಗಿಯಾಗಿ ಎಳೆಯಿರಿ. ಸಡಿಲ ಇದ್ದರೆ ಪ್ರತಿ ಮೆಟ್ಟಿಲಿಗೂ ಎದೆಗೆ ಬಡಿಯುತ್ತದೆ. ಗ್ಲೌಸ್ ದೊಡ್ಡದು ಕೊಟ್ಟರೆ ನಾಚಿಕೆ ಬಿಟ್ಟು ಬೇರೆ ಕೇಳಿ. ಕೊನೆಯ ತಿಂಗಳಲ್ಲಿ ಎರಡು ಪ್ರಾಕ್ಟೀಸ್ ರನ್ ಕೊಡುತ್ತಾರಲ್ಲ, ಅದನ್ನು ತಪ್ಪಿಸಬೇಡಿ. ಅಕ್ಕಿ ಚೀಲ ಗೊಂಬೆ ಆಗುವುದಿಲ್ಲ.

ಕಡೂರಿನವಳು:

ನಾಲ್ಕು ವಾರ ಆಯಿತು, ಬಂದು ಹೇಳೋಣ ಅನ್ನಿಸಿತು.

ಮೂರನೇ ವಾರ ನಮ್ಮ ಅಪಾರ್ಟ್‌ಮೆಂಟ್ ಮೆಟ್ಟಿಲಲ್ಲಿ ಒಂದು ಅಕ್ಕಿ ಚೀಲ ಒಡೆಯಿತು. ಮೂರನೇ ಮಹಡಿಯಿಂದ ಕೆಳಗಿನ ತನಕ ಸೋನಾ ಮಸೂರಿ. ಗುಡಿಸಲು ಸಹಾಯಕ್ಕೆ ಬಂದ ಪಕ್ಕದ ಮನೆಯ ಅಜ್ಜಿ, ಮದುವೆನಾ ಅಂತ ಕೇಳಿದರು. ಈಗ ಚೀಲದ ಮೇಲೆ ಟೇಪ್ ಸುತ್ತಿದ್ದೇನೆ.

ನಿನ್ನೆ ಮೊದಲ ಪ್ರಾಕ್ಟೀಸ್ ರನ್. ಮೆಟ್ಟಿಲು ಪೂರ್ತಿ ಹತ್ತಿದೆ, ಕಂಬಿ ಒಂದು ಸಲ ಮುಟ್ಟಿದೆ. ಗೊಂಬೆಯನ್ನು ಮೂರು ಸಲ ಕೆಳಗೆ ಬಿಟ್ಟೆ. 10 ನಿಮಿಷ 51 ಸೆಕೆಂಡ್ ಆಯಿತು. ಇನ್ನೂ 31 ಸೆಕೆಂಡ್ ಕಡಿಮೆ ಮಾಡಬೇಕು. ಅದರಲ್ಲಿ ಮುಕ್ಕಾಲು ಪಾಲು ಡ್ರಮ್ ಸುತ್ತುವಾಗಲೇ ಹೋಗಿದ್ದು.

ಎರಡು ಜಡೆಯವರೇ, ಡ್ರಮ್ ಹತ್ತಿರ ತಿರುಗುವಾಗ ನೀವು ಗೊಂಬೆಯ ಯಾವ ಪಕ್ಕದಲ್ಲಿ ಇದ್ದಿರಿ, ಡ್ರಮ್ ಕಡೆಗೋ ಹೊರಗಡೆಗೋ?

ಎರಡು ಜಡೆ:

ಹೊರಗಡೆ. ಡ್ರಮ್ ದಾಟಿ ಎರಡು ಹೆಜ್ಜೆ ಜಾಸ್ತಿ ಹೋಗಿ ಆಮೇಲೆ ತಿರುಗಿ. ಬೇಗ ತಿರುಗಿದರೆ ಗೊಂಬೆಯ ಕಾಲು ಡ್ರಮ್‌ಗೆ ಸಿಕ್ಕಿಕೊಳ್ಳುತ್ತದೆ. ನಿಮಗೆ ಆಗಿದ್ದೂ ಅದೇ ಅಲ್ವಾ?

ಕಡೂರಿನವಳು:

ಅದೇ! ಎರಡು ಸಲ.