ಒಂದ ಪ್ರಿಂಟ್‌ಎಫ್, ಮೂರು ಕಂಪ್ಯೂಟರ್‌ನ್ಯಾಗ ಮೂರು ನಮೂನಿ, ಯಾಕ್ರಿ?

ಬಾಗಲಕೋಟ ಹುಡುಗ:
ನಮಸ್ಕಾರ್ರಿ. ಡಿಪ್ಲೊಮಾ ಪ್ರಾಜೆಕ್ಟಿಗೆ ಕಬ್ಬಿನ ಕಾಟಾ ಚೀಟಿ ಲೆಕ್ಕ ಹಾಕೋ ಪ್ರೋಗ್ರಾಂ ಸಿ ಭಾಷಾದಾಗ ಬರದೇವ್ರಿ, ಉತ್ತರ ತೋರ್ಸಾಕ ಪ್ರಿಂಟ್‌ಎಫ್ ಫಂಕ್ಷನ್ ಹಾಕೇವಿ. ನನ್ನ ಉಬುಂಟುದಾಗ ಜಿಸಿಸಿ (ಕೋಡ್‌ನ ಓಡೋ ಪ್ರೋಗ್ರಾಂ ಮಾಡೋ ಕಂಪೈಲರ್) ಹಾಕಿದ್ರ ಎಲ್ಲಾ ಸರಿ ಬರ್ತೈತಿ, ದೋಸ್ತ ವಿಂಡೋಸ್‌ನ್ಯಾಗ ಹಳೇ ಮಿನ್‌ಜಿಡಬ್ಲ್ಯೂ (ವಿಂಡೋಸ್‌ನ ಜಿಸಿಸಿ) ಹಾಕ್ಯಾನ, ಅಲ್ಲಿ ಚೀಟಿ ಎಷ್ಟು ಅಂತ ತೋರ್ಸಾಕ ಪರ್ಸೆಂಟ್ ಝಡ್‌ಯು ಬರದ ಜಾಗಾದಾಗ ನಂಬರ್ ಬದ್ಲಿ "ಝಡ್‌ಯು" ಅಂತ ಎರಡು ಅಕ್ಷರ ಬೀಳ್ತಾವು. ಲ್ಯಾಬ್‌ನ್ಯಾಗಿನ ಹಳೇ ಕಂಪೈಲರ್ ಟರ್ಬೊ ಸಿ ಅಂತೂ 40000 ಕೆಜಿ ಅಂದ್ರ -25536 ಅಂತೈತಿ, ಕಾರ್ಖಾನಿಗೆ ನಾವ ರೊಕ್ಕ ಕೊಡಬೇಕೇನ್ರಿ ಮತ್ತ? ದೋಸ್ತಂದು ಸ್ಲೋ ಬ್ಯಾರೆ, ಚೀಟಿ ಲಿಸ್ಟ್ ಮುಗಿಯೂದ್ರಾಗ ಚಾ ಕುಡದು ಬರಬಹುದು.

ಬೆಳಗಾವಿ ಕೋಡರ್:
ತಮ್ಮಾ, ಝಡ್‌ಯು ವಿಷಯದಾಗ ತಪ್ಪು ಕಂಪೈಲರ್‌ದಲ್ಲ. ಇಬ್ಬರದೂ ಜಿಸಿಸಿನ, ಆದ್ರ ಪ್ರಿಂಟ್‌ಎಫ್ ಇರೂದು ಲೈಬ್ರರಿ ಒಳಗ. ನಿನ್ನ ಲೈಬ್ರರಿ ಲಿನಕ್ಸ್‌ನ ಜಿಲಿಬ್‌ಸಿ, ಅವಂದು ವಿಂಡೋಸ್‌ನ ಹಳೇ ಎಂಎಸ್‌ವಿಸಿಆರ್‌ಟಿ, ಅದಕ್ಕ ಸಿ99 (ಸಿ ಭಾಷಾದ 1999ರ ಸ್ಟ್ಯಾಂಡರ್ಡ್) ಒಳಗ ಬಂದ ಝಡ್ ಅಂದ್ರ ಏನಂತನ ಗೊತ್ತಿಲ್ಲ. ವಿಜುವಲ್ ಸ್ಟುಡಿಯೋ 2015ರ ಜೋಡಿ ಬಂದ ಹೊಸಾ ಲೈಬ್ರರಿ ಯುಸಿಆರ್‌ಟಿಗೆ ಗೊತ್ತೈತಿ, ಅದನ್ನ ಬಳಸೋ ಹೊಸಾ ಮಿನ್‌ಜಿಡಬ್ಲ್ಯೂ ಹಾಕ್ಕೊಳ್ಳಾಕ ಹೇಳು, ಇಲ್ಲಾಂದ್ರ ನಂಬರ್‌ನ ಅನ್‌ಸೈನ್ಡ್ ಲಾಂಗ್‌ಗೆ ಕಾಸ್ಟ್ ಮಾಡಿ (ಅಂದ್ರ ಆ ನಮೂನಿಗೆ ಬದಲಿಸಿ) ಪರ್ಸೆಂಟ್ ಎಲ್‌ಯು ಹಾಕು, ಎಲ್ಲಾ ಕಡೆ ನಡೀತೈತಿ. ಟರ್ಬೊ ಸಿ ಒಳಗ ಇಂಟ್ (ಪೂರ್ಣಾಂಕ ಇಡೋ ನಮೂನಿ) 16 ಬಿಟ್, 32767 ದಾಟಿದ್ರ ಉಲ್ಟಾ ಹೊಡೀತೈತಿ, ಅಲ್ಲಿ ವೇರಿಯಬಲ್‌ನ ಲಾಂಗ್ ಮಾಡಬೇಕು, ಬರೇ ಪರ್ಸೆಂಟ್ ಎಲ್‌ಡಿ ಬರದ್ರ ಕಸಾನ ಬರ್ತೈತಿ.

ವಿಜಯಪುರದಾಂವ:
ಸ್ಲೋ ಅಂದ್ರ ಪ್ರಿಂಟ್‌ಎಫ್ ಬಿಟ್ಟು ಸ್ವಂತ ಫಂಕ್ಷನ್ ಬರೀರಿ, ಈ ಪರ್ಸೆಂಟ್ ಎಲ್ಲಾ ಇರೋ ಫಾರ್ಮ್ಯಾಟ್ ಸ್ಟ್ರಿಂಗ್ ಪ್ರತಿ ಸಲ ಅಕ್ಷರ ಅಕ್ಷರ ಓದಿ ಅರ್ಥ ಮಾಡ್ಕೊಬೇಕಲ್ಲ ಅದು.

ಬೆಳಗಾವಿ ಕೋಡರ್:
ಖರೇ ಅಣ್ಣಾ, ಆದ್ರ ಚೀಟಿ ಲೆಕ್ಕಕ್ಕ ಅಷ್ಟು ದೂರ ಹೋಗೂದು ಬ್ಯಾಡ. ಮೊದ್ಲ ಔಟ್‌ಪುಟ್‌ನ ಫೈಲಿಗೆ ಕಳಸಿ ನೋಡ್ರಿ. ಅಲ್ಲಿ ಜೋರ್ ಓಡಿದ್ರ ತಡಾ ಪ್ರಿಂಟ್‌ಎಫ್‌ದಲ್ಲ, ಔಟ್‌ಪುಟ್ ತೋರ್ಸೋ ಆ ಕರೀ ಕಿಟಕಿದು. ಫೈಲಿಗಾದ್ರ ಬಫರ್ (ಔಟ್‌ಪುಟ್ ಕೂಡಿಡೋ ಜಾಗಾ) ತುಂಬಿದ ಮ್ಯಾಲ ಒಮ್ಮೆಲೆ ಹೋಗ್ತೈತಿ, ಸ್ಕ್ರೀನಿಗಾದ್ರ ಲಿನಕ್ಸ್‌ನ್ಯಾಗ ಸಾಲಿಗೊಮ್ಮೆ, ವಿಂಡೋಸ್‌ನ್ಯಾಗ ಇನ್ನೂ ಚೂರು ಚೂರು. ಸೆಟ್‌ವಿಬಫ್ ಹಾಕಿ ದೊಡ್ಡ ಬಫರ್ ಕೊಡು, ಮೇನ್ ಒಳಗ ಮೊದಲನೇ ಪ್ರಿಂಟ್‌ಕಿಂತ ಮುಂಚೆನ ಕೊಡಬೇಕು ಮತ್ತ. ಬಫರ್ ತುಂಬೂಕಿಂತ ಮೊದ್ಲ ಖಾಲಿ ಮಾಡೋ ಎಫ್‌ಫ್ಲಶ್ ಎಲ್ಲೆರ ಬರದೀರೇನು?

ಬಾಗಲಕೋಟ ಹುಡುಗ:
ಫೈಲಿಗೆ ಕಳಸಿದ್ರೂ ಮೊದ್ಲ ಸ್ಲೋನ ಇತ್ರಿ, ಆಮ್ಯಾಲ ನಿಮ್ಮ ಮಾತಿಗೆ ಕೋಡ್ ತಗದು ನೋಡಿದ್ರ ದೋಸ್ತ ಲೂಪ್ ಒಳಗ ಪ್ರತಿ ಚೀಟಿಗೂ ಎಫ್‌ಫ್ಲಶ್ ಹಾಕ್ಯಾನ, ಯಾಕಲೇ ಅಂದ್ರ "ಸೇಫ್ಟಿಗೆ" ಅಂದ. ತಗದೇವ್ರಿ, ಈಗ ಚಾಕ್ಕ ಟೈಮ್ ಇಲ್ಲ. ಝಡ್‌ಯುನೂ ಹೋತು. ಟರ್ಬೊ ಸಿದ್ದು ಸೋಮವಾರ ಲ್ಯಾಬ್ ತಗದ ಮ್ಯಾಲ ನೋಡ್ತೀನ್ರಿ.